ಪೊರೆಯೂ ಕನ್ಯತ್ವವೂ ಒಂದೇ ಪಾಠದಲ್ಲಿ

ಅತ್ಯಾಚಾರಕ್ಕೆ ಒಳಗಾದವಳ ಕನ್ಯತ್ವವನ್ನು ಬೆರಳಿಟ್ಟು ಅಳೆಯಹೊರಡುವ ‘ಎರಡು ಬೆರಳಿನ ಪರೀಕ್ಷೆ’ ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟು 2022ರ ಅಕ್ಟೋಬರ್ 31ರಂದು ಸಾರಿತು. ಅಲ್ಲಿಗೆ ವಿಷಯ ಮುಗಿಯಿತೆಂದು ಬರೆದವರು ಬಹಳ. ಮುಗಿದಿರಲಿಲ್ಲ. 2024ರ ಆಗಸ್ಟ್ ಕೊನೆಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಪಠ್ಯಕ್ರಮದಲ್ಲಿ ಕನ್ಯತ್ವದ ಪಾಠ ಮತ್ತೆ ಕಾಣಿಸಿಕೊಂಡಿತು. ಗದ್ದಲವೆದ್ದ ಮೇಲೆ ಸೆಪ್ಟೆಂಬರಿನಲ್ಲಿ ಹಿಂದೆ ಸರಿಯಿತು. ಮಡಿಕೇರಿಯ ವೈದ್ಯಕೀಯ ಕಾಲೇಜಿಗೂ ಆಯೋಗದ ಪಠ್ಯಕ್ರಮವೇ ಆಧಾರ.

ಆ ಪಾಠದ ಜೋಡಣೆಯನ್ನು ನಿಧಾನವಾಗಿ ಓದಬೇಕು. ಕನ್ಯಾಪೊರೆಯ ಬಗೆಗಳು, ಅದರ ಕಾನೂನು ಮಹತ್ವ, ಬೆನ್ನಿಗೇ ಕನ್ಯತ್ವದ ವ್ಯಾಖ್ಯೆ, ಕನ್ಯತ್ವಭಂಗ. ಪೊರೆ ದೇಹದ ಭಾಗ. ಕನ್ಯತ್ವ ಸಮಾಜ ಹೆಣ್ಣಿನ ಮೇಲೆ ಹೊರಿಸಿದ ಸ್ಥಾನ. ಎರಡನ್ನೂ ಒಂದೇ ಉಸಿರಿನಲ್ಲಿ ಕಲಿತ ವಿದ್ಯಾರ್ಥಿಗೆ, ಮೊದಲನೆಯದು ಎರಡನೆಯದಕ್ಕೆ ಸಾಕ್ಷಿಯೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಈ ಜೋಡಣೆಯೇ ಪಾಠದ ದೊಡ್ಡ ಸುಳ್ಳು. ಪೊರೆಯೆಂದರೆ ಬಾಗಿಲು ಮುಚ್ಚಿದ ಪರದೆಯಲ್ಲ, ಯೋನಿದ್ವಾರದ ಅಂಚಿನ ಮಡಿಕೆ. ಕೆಲವರಲ್ಲಿ ಉಂಗುರದಂತೆ, ಕೆಲವರಲ್ಲಿ ಅರ್ಧಚಂದ್ರದಂತೆ. ಅದು ಪೂರ್ತಿ ಮುಚ್ಚಿದ್ದರೆ ಮುಟ್ಟಿನ ರಕ್ತ ಹೊರಬರದೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಹರೆಯದಲ್ಲಿ ಈಸ್ಟ್ರೋಜೆನ್ ಅದನ್ನು ಹಿಗ್ಗುವಂತೆ ಮಾಡುತ್ತದೆ. ಮೊದಲ ಕೂಟದಲ್ಲಿ ರಕ್ತ ಕಾಣದ ಹೆಂಗಸರು ಎಷ್ಟೋ ಮಂದಿ. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 36 ಗರ್ಭಿಣಿ ಹದಿಹರೆಯದವರ ಪೈಕಿ ಸಂಭೋಗದ ಖಚಿತ ಗುರುತು ಸಿಕ್ಕಿದ್ದು ಇಬ್ಬರಲ್ಲಿ. ಗರ್ಭ ನಿಂತಿರುವಾಗಲೂ ಏನೂ ಹೇಳದ ಅಂಗ, ಅತ್ಯಾಚಾರಕ್ಕೆ ಒಳಗಾದವಳ ವಿರುದ್ಧ ಏನು ಸಾಕ್ಷಿ ಹೇಳೀತು?

ನನ್ನ ಹೆಚ್ಚಿನ ತಕರಾರು ಹೆಣ್ಣಿನ ಪರ ಮಾತಾಡುವ ಅಂಕಣಕಾರರೊಂದಿಗೆ. ‘ಓಟ, ಸೈಕಲ್, ಆಟದಿಂದಲೂ ಪೊರೆ ಹರಿಯುತ್ತದೆ, ಅನುಮಾನ ಬೇಡ’ ಎಂದು ಅವರು ಸಮಾಧಾನ ಹೇಳುತ್ತಾರೆ. ನೋಡಿದರೆ ಗೊತ್ತಾಗುತ್ತದೆ ಎಂಬ ಮೂಲ ನಂಬಿಕೆಯನ್ನು ಮುಟ್ಟುವುದೇ ಇಲ್ಲ, ಬರೀ ವಿನಾಯಿತಿ ಕೇಳುತ್ತಾರೆ. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ, ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿ ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಜೊತೆಗೇ ಆಡುವ ಕೊಡಗಿನಲ್ಲಿ ಈ ಸಮಾಧಾನ ಅಪಾಯಕಾರಿ. ಮೈದಾನಕ್ಕೆ ಹೋದ ಹುಡುಗಿಯರ ಮೈಯೇ ವಿವರಣೆ ಕೊಡಬೇಕಾದ ವಸ್ತುವಾಗುತ್ತದೆ. ಸ್ಟಿಕ್ಕನ್ನೇ ಹಿಡಿಯದವಳಿಗೆ ಆ ನೆಪವೂ ಉಳಿಯುವುದಿಲ್ಲ. ವಿಧವೆಯ ಮರುಮದುವೆಯನ್ನು ಒಪ್ಪಿದ ಕೊಡವ ಸಂಪ್ರದಾಯದ ನೆರಳಿನಲ್ಲೂ ಈ ಲೆಕ್ಕಾಚಾರ ನಡೆಯಬಲ್ಲದು ಎಂಬುದು ನನಗೆ ನೋವಿನ ಸಂಗತಿ.

ಪಾಠ ಹಿಂದೆ ಸರಿದದ್ದಕ್ಕೆ ಆಯೋಗಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲಿ. ಆದರೆ ತೆಗೆದುಹಾಕಿದರಷ್ಟೇ ಸಾಲದು. ಕನ್ಯತ್ವವನ್ನು ಯಾವ ಪರೀಕ್ಷೆಯೂ ತೋರಿಸಲಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಅದನ್ನು ಮೊದಲ ವರ್ಷದ ಅಂಗರಚನಾಶಾಸ್ತ್ರದ ತರಗತಿಯಲ್ಲೇ, ಆ ಮಡಿಕೆಯ ಚಿತ್ರ ಬಿಡಿಸುವಾಗಲೇ ಹೇಳಿಕೊಡಬೇಕು.