ಹೆಸರು ಯಾರ ಪಾಲಿಗೆ?

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವ ಮನೆಗಳಲ್ಲಿ ಕಂಪನಿಯ ಕನಸು ಎದ್ದಾಗಲೆಲ್ಲ ಎಂಟಿಆರ್ ಹೆಸರು ಬರುತ್ತದೆ. ಆ ಕಥೆಯನ್ನು ನಾವು ಅರ್ಧಕ್ಕೇ ಮುಗಿಸಿಬಿಡುತ್ತೇವೆ ಎಂಬುದೇ ನನ್ನ ತಕರಾರು.

ಮೊದಲರ್ಧ ನಿಜಕ್ಕೂ ದೊಡ್ಡದು. ಕೋಟದ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಹುಟ್ಟಿತು. 1951ರಲ್ಲಿ ಯೂರೋಪ್ ಸುತ್ತಿ ಬಂದ ಯಜ್ಞನಾರಾಯಣ ಮಯ್ಯರು ಅಲ್ಲಿನ ಶುಚಿತ್ವವನ್ನು ಇಲ್ಲಿ ರೂಢಿಸಿದರು. ಗಿರಾಕಿಗಳು ಅಡುಗೆಮನೆ ಹೊಕ್ಕು ನೋಡಬಹುದಿತ್ತು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗೆ ದರ ಕಟ್ಟಿತು. ಆ ದರಕ್ಕೆ ರುಚಿ ಕೆಡಿಸುವ ಬದಲು ಮಯ್ಯ ಮನೆತನದವರು ಹೋಟೆಲನ್ನೇ ಮುಚ್ಚಿದರು. ಕೆಲಸಗಾರರ ಕೈ ಖಾಲಿಯಾಗಬಾರದೆಂದು ಮಸಾಲೆ ಪುಡಿ, ದಿಢೀರ್ ಮಿಕ್ಸ್‌ಗಳಿಗೆ ಕೈಹಾಕಿದರು. ಆ ಮನೆತನ ಮಾಡಿದ ಅತ್ಯುತ್ತಮ ಕೆಲಸ ಇದೇ. ವಿಸ್ತರಣೆಯ ಲೆಕ್ಕಾಚಾರದಿಂದ ಅದು ಹುಟ್ಟಿದ್ದಲ್ಲ.

ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. 2007ರಲ್ಲಿ ಪ್ಯಾಕೆಟ್ ಉದ್ಯಮ ನಾರ್ವೆಯ ಒರ್ಕ್ಲಾ ಕಂಪನಿಯ ಪಾಲಾಯಿತು, ಹೋಟೆಲು ಮನೆತನದಲ್ಲೇ ಉಳಿಯಿತು. ಪ್ಯಾಕೆಟ್ ಉದ್ಯಮ ಕಟ್ಟಿದ ಸದಾನಂದ ಮಯ್ಯರು ಮುಂದೆ 'ಮಯ್ಯಾಸ್' ಶುರುಮಾಡಿದರು. ಒಂದೇ ಹೆಸರಿಗೆ ಇಬ್ಬರು ಒಡೆಯರು, ಪಕ್ಕದಲ್ಲೊಂದು ಹೊಸ ಹೆಸರು. ಮಾರಿದ್ದನ್ನು ನಾನು ತಪ್ಪೆನ್ನಲಾರೆ. ದೇಶವಿದೇಶದ ಅಂಗಡಿ ಮುಟ್ಟಲು ಬಂಡವಾಳ ಬೇಕೇ ಬೇಕು. ಆದರೆ ಸಾಲುಸಾಲು ಕಂಪನಿ ಕಟ್ಟುವವರು ಕಲಿಯಬೇಕಾದ ಪಾಠ ಇಲ್ಲಿದೆ: ಅಣ್ಣನದು ಹಿಟ್ಟಿನ ಗಿರಣಿ, ತಮ್ಮನದು ಚಟ್ನಿ, ಸೊಸೆಯದು ರೊಟ್ಟಿ ಎಂದು ಬೇರೆಯಾಗುವ ಮೊದಲು ಹೆಸರು ಯಾರದೆಂದು ಬರೆದಿಡಬೇಕು.

ನಮ್ಮ ಸೀಮೆಯ ನೋವೂ ಇದೇ. ತುಂಗಭದ್ರಾ ಎಡದಂಡೆ ನೀರುಂಡ ಸೋನಾ ಮಸೂರಿ ಗಿರಣಿಯಿಂದ ಹೊರಬಿದ್ದು ಊರೂರಿಗೆ ಹೋಗುತ್ತದೆ, ಚೀಲದ ಮೇಲೆ ಮಾತ್ರ ಬೇರೆಯವರ ಹೆಸರು. ರೊಟ್ಟಿಗೂ ಈ ಗತಿ ಬರಬಾರದು. ಕಿರು ಆಹಾರ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಗೊತ್ತುಮಾಡಿದೆ. ಯಂತ್ರ ಕೊಳ್ಳಲು ಅದು ಸಾಕಾಗಬಹುದು; ಪಾಲು ಯಾರಿಗೆಂದು ಅದು ಹೇಳಿಕೊಡುವುದಿಲ್ಲ.

ಅದನ್ನು ಕಲಿಯಲು ಲಿಜ್ಜತ್ ಹಪ್ಪಳದ ಸಂಸ್ಥೆಯನ್ನು ನೋಡಬೇಕು. 1959ರಲ್ಲಿ ಮುಂಬೈಯ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಿದರು. ಇಂದಿಗೂ ಅಲ್ಲಿ ಲಟ್ಟಿಸುವ ಸದಸ್ಯೆಯರೇ ಒಡತಿಯರು. ನಮ್ಮಲ್ಲಿ ರೊಟ್ಟಿ ಬಡಿಯುವವರಿಗೆ ಎಣಿಸಿ ಕೊಡುವ ಕೂಲಿಯಷ್ಟೇ ಸಿಕ್ಕರೆ, ಮಾಲೀಕರಿಗೆ ನಾಲ್ಕು ಕಂಪನಿಗಳಾದರೂ ಅದನ್ನು ನಾನು ಬೆಳವಣಿಗೆ ಎನ್ನಲಾರೆ. ಮಸ್ಕಿಯಲ್ಲೋ ಲಿಂಗಸುಗೂರಿನಲ್ಲೋ ನಾಳೆ ಯಾರಾದರೂ ಹೆಸರು ನೋಂದಾಯಿಸಲು ಹೊರಟರೆ, ಒಲೆಯ ಮುಂದೆ ಕೂತವರನ್ನೂ ಪಾಲುದಾರರಾಗಿ ಬರೆಸಲಿ.