ಬುಕ್ಕರಾಯನ ಶಾಸನ: ಶಾಂತಿಯ ಗದ್ಯ

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಬುಕ್ಕರಾಯನ ಶಾಸನವನ್ನು ಹೊಗಳದ ಭಾಷಣಕಾರರಿಲ್ಲ. ಮತಸಾಮರಸ್ಯದ ಮಾತು ಬಂದಾಗಲೆಲ್ಲ ಅದರ ಹೆಸರು ಬರುತ್ತದೆ. ಅದನ್ನು ಕೊನೆಯವರೆಗೆ ಓದಿದವರು ಮಾತ್ರ ವಿರಳ. ಶಾಸನದ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ. ನಾಯಂಡಹಳ್ಳಿಯ ನಮ್ಮ ಮನೆಯಿಂದ ಒಂದು ಹಗಲಿನಲ್ಲಿ ಹೋಗಿಬರಬಹುದಾದ ಊರು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ನಾವು ಐರ್ಲೆಂಡಿನ ಶಾಂತಿಯ ಕಥೆಯನ್ನು ಆಸಕ್ತಿಯಿಂದ ಓದುತ್ತೇವೆ, ಕಲ್ಯದ ಕಲ್ಲನ್ನು ಮರೆಯುತ್ತೇವೆ.

ಸಂದರ್ಭ ಸರಳವಾದುದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಸೀಮೆಗಳ ಜೈನರು, ಶ್ರೀವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಅರಸನಿಗೆ ಬಿನ್ನವಿಸಿದರು. ಈ ಕಲ್ಲೆಹವೇ ಇಂದಿನ ಕಲ್ಯ. ಬುಕ್ಕರಾಯನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರಿಂದ ಹಿಡಿದು ತಿರುಕುಲ, ಜಾಂಬವಕುಲಗಳವರೆಗೆ ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಕೂಡಿಸಿ, ಜೈನರ ಕೈಹಿಡಿದು ಅವರ ಕೈಯಲ್ಲಿಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ನಮ್ಮ ಭಾಷಣಗಳು ನಿಲ್ಲುವುದು ಇಲ್ಲಿ. ಶಾಸನ ನಿಲ್ಲುವುದಿಲ್ಲ.

ಇದನ್ನು ಗದ್ಯಕೃತಿಯೆಂದು ಓದಿದವರಿಗೆ ಮೊದಲು ಎದುರಾಗುವುದು ಒಂದು ವಿಪರ್ಯಾಸ. ಆರಂಭದ ಸಂಸ್ಕೃತ ಪದ್ಯ ರಾಮಾನುಜರ ಸ್ತುತಿ. ಪಾಷಂಡರೆಂಬ ಕಡಲಿಗೆ ಅವರನ್ನು ಬಡಬಾಗ್ನಿಯೆಂದು ಅದು ಕೊಂಡಾಡುತ್ತದೆ. ವೈದಿಕ ಪರಿಭಾಷೆಯಲ್ಲಿ ಪಾಷಂಡರ ಸಾಲಿಗೆ ಜೈನರೂ ಸೇರಿದವರೇ. ಅವರನ್ನು ರಕ್ಷಿಸುವ ಪತ್ರ ಅವರನ್ನು ಸುಡುವ ಬೆಂಕಿಯ ಸ್ತುತಿಯಿಂದಲೇ ಮೊದಲಾಗುತ್ತದೆ! ಇದನ್ನು ಲಿಪಿಕಾರನ ಅಭ್ಯಾಸಬಲವೆಂದು ತಳ್ಳಿಹಾಕಲಾಗದು. ಬಲಶಾಲಿಗಳು ತಮ್ಮ ಭಾಷೆಯನ್ನು ಬಿಡದೆಯೇ ಸಂಧಿಗೆ ಬಂದರೆಂಬುದಕ್ಕೆ ಅದು ಸಾಕ್ಷಿ.

ಪದ್ಯ ಮುಗಿದು ಕನ್ನಡ ಗದ್ಯ ತೊಡಗಿದೊಡನೆ ಧಾಟಿಯೇ ಬೇರೆ. ಅದು ಹಿಡಿಯುವ ವಿಷಯ ಮೋಕ್ಷವಲ್ಲ, ವಾದ್ಯ. ಪಂಚಮಹಾವಾದ್ಯಗಳಿಗೂ ಕಲಶಕ್ಕೂ ಜೈನರು ಅರ್ಹರೆಂದು ಅದು ವಿಧಿಸುತ್ತದೆ. ಹೊರಗಿನವರಿಗೆ ಇದು ಕ್ಷುಲ್ಲಕವಾಗಿ ತೋರೀತು. ಆದರೆ ಬೀದಿಯಲ್ಲಿ ಯಾರ ವಾದ್ಯ ಮೊಳಗಬೇಕೆಂಬುದೇ ಊರು ಯಾರದೆಂಬ ಪ್ರಶ್ನೆ. ಉತ್ತರ ಐರ್ಲೆಂಡಿನಲ್ಲಿ ಪ್ರಾಟೆಸ್ಟೆಂಟರ ಆರೆಂಜ್ ಸಂಘದವರು ತಮಟೆ ಬಾರಿಸುತ್ತ ಕ್ಯಾಥೊಲಿಕರ ಕೇರಿಗಳಲ್ಲಿ ಮೆರವಣಿಗೆ ಹೋಗುವುದು ಎಷ್ಟು ಗಲಭೆಗಳಿಗೆ ಕಾರಣವಾಯಿತು! ಮೂವತ್ತು ವರ್ಷಗಳ ಕಲಹದಲ್ಲಿ ಸುಮಾರು 3500 ಜನ ಸತ್ತ ಬಳಿಕ 1998ರ ಏಪ್ರಿಲ್ 10ರಂದು ಒಪ್ಪಂದವಾಯಿತು. ಅದೇ ವರ್ಷ ಮೆರವಣಿಗೆಗಳ ದಾರಿಯನ್ನು ತೀರ್ಮಾನಿಸಲು ಪ್ರತ್ಯೇಕ ಕಾಯಿದೆಯೂ ಬಂದಿತು. ಬುಕ್ಕರಾಯನ ಆಸ್ಥಾನಕ್ಕೆ ಈ ಸೂಕ್ಷ್ಮ ಆರು ಶತಮಾನಗಳ ಹಿಂದೆಯೇ ತಿಳಿದಿತ್ತು.

ಮುಂದಿನದು ಲೆಕ್ಕದ ಮಾತು. ರಾಜ್ಯದ ಜೈನರು ಮನೆಬಾಗಿಲಿಗೆ ವರ್ಷಕ್ಕೆ 1 ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ 20 ಮಂದಿ ಶ್ರೀವೈಷ್ಣವರನ್ನು ನೇಮಿಸಬೇಕು. ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಬಾಯಿಮಾತಿನ ಸೌಹಾರ್ದಕ್ಕೆ ಸುಣ್ಣ ಬೇಕಿಲ್ಲ. ಬಾಳಬೇಕಾದ ಸೌಹಾರ್ದಕ್ಕೆ ಬೇಕು. ಹಾನಿ ಮಾಡಿದ ಪಂಗಡದಿಂದಲೇ ಕಾವಲುಗಾರರನ್ನು ಆರಿಸಿದುದರಲ್ಲಿ ಅಪೂರ್ವ ವಿವೇಕವಿದೆ. ಆದರೆ ಕಾವಲಿನ ಕೂಲಿ ತೆರುವವರು ಪೆಟ್ಟುತಿಂದವರೇ ಎಂಬುದನ್ನು ಮರೆಮಾಚಬಾರದು. ಈ ನ್ಯಾಯ ಸಮಾನರ ನ್ಯಾಯವಲ್ಲ. ಬಲಾಬಲವನ್ನು ಅರಿತ ಅರಸನ ನ್ಯಾಯ.

ಹಾಗಾದರೆ ಶಾಸನದ ಹಿರಿಮೆ ಎಲ್ಲಿದೆ? ಒಂದೇ ಒಂದು ನಿಬಂಧನೆಯಲ್ಲಿ. ಭಕ್ತರಿಂದ ಜೈನ ದರ್ಶನಕ್ಕೆ ಹಾನಿಯಾದರೂ ವೃದ್ಧಿಯಾದರೂ ಶ್ರೀವೈಷ್ಣವರು ಅದನ್ನು ತಮ್ಮದೇ ಹಾನಿವೃದ್ಧಿಯೆಂದು ಎಣಿಸಬೇಕು. ಸಹಿಸಿಕೊಳ್ಳಿ ಎಂದು ಹೇಳುವುದು ಸುಲಭ. ಅವರ ನಷ್ಟವನ್ನು ನಿಮ್ಮ ಖಾತೆಗೆ ಬರೆದುಕೊಳ್ಳಿ ಎಂದು ಹೇಳುವುದು ಬೇರೆ ಮಟ್ಟದ ಮಾತು.

ಶಾಸನವನ್ನು ಆಮೇಲೆ ಕಲ್ಲೆಹದ ಬುಸುವಿಸೆಟ್ಟಿ ತಾತಯ್ಯನನ್ನು ಕರೆಸಿ ಜೀರ್ಣೋದ್ಧಾರ ಮಾಡಿಸಬೇಕಾಯಿತು. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕನ ಪಟ್ಟ ಕಟ್ಟಿದರು. ಹಳೇಬೀಡಿನಲ್ಲಿ ವಿಜಯಪಾರ್ಶ್ವನಾಥ ಬಸದಿಯ ಕಂಬಗಳಿಗೆ ಲಿಂಗಮುದ್ರೆ ಒತ್ತಿದುದರಿಂದ ಹುಟ್ಟಿದ ಜಗಳಕ್ಕೆ 1638ರಲ್ಲಿ ಮತ್ತೊಂದು ರಾಜಿ ಬರೆಯಬೇಕಾಯಿತು. ಅಲ್ಲಿಯೂ ಜೈನರು ಮೊದಲು ವಿಭೂತಿ ವೀಳ್ಯ ಸಲ್ಲಿಸಿ, ಅನಂತರ ತಮ್ಮ ಪೂಜೆ ನಡೆಸಬೇಕೆಂದು ತೀರ್ಮಾನ. ಬೆಲ್‌ಫಾಸ್ಟಿನಲ್ಲಿ ಎರಡು ಕೇರಿಗಳ ನಡುವಿನ ಗೋಡೆಗಳು ಒಪ್ಪಂದದ ಅನಂತರವೂ ನಿಂತಿವೆ.

ಆಚಂದ್ರಾರ್ಕವೆಂದು ಕೊರೆದ ಮಾತ್ರಕ್ಕೆ ಯಾವ ಒಡಂಬಡಿಕೆಯೂ ಆಚಂದ್ರಾರ್ಕವಲ್ಲ. ಬಸದಿಯ ಗೋಡೆಯಂತೆ ಅದಕ್ಕೂ ವರ್ಷವರ್ಷ ಸುಣ್ಣ ಬಳಿಯಬೇಕು. ಆ ಸುಣ್ಣದ ಖರ್ಚನ್ನು ಈ ಸಲ ಬಲವುಳ್ಳವರು ಕೊಟ್ಟರೆ, ಬುಕ್ಕರಾಯನು ಅರ್ಧಕ್ಕೆ ಬಿಟ್ಟ ವಾಕ್ಯವನ್ನು ನಾವು ಪೂರ್ತಿ ಮಾಡಿದಂತೆ.