ಹಾಲೆಯ ಹೆಸರು: ಕನ್ನಡ ವೈದ್ಯಗ್ರಂಥಗಳ ಪಾಠವಿಮರ್ಶೆಯಲ್ಲಿ ಒಂದು ವಿಚಾರ

ಕನ್ನಡದಲ್ಲಿ ವೈದ್ಯಶಾಸ್ತ್ರವನ್ನು ಕುರಿತ ಗ್ರಂಥಗಳು ವಿರಳವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನ ‘ಗೋವೈದ್ಯ’ವೂ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವೂ, ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನ ‘ಖಗೇಂದ್ರಮಣಿದರ್ಪಣ’ವೂ, ಅನಂತರ ಶ್ರೀಧರದೇವನ ‘ವೈದ್ಯಾಮೃತ’ವೂ ಸಾಳ್ವನ ‘ವೈದ್ಯಸಾಂಗತ್ಯ’ವೂ ಹುಟ್ಟಿದುವು. ಇವುಗಳಲ್ಲಿ ವಿಷಚಿಕಿತ್ಸೆಯನ್ನು ಹೇಳುವ ‘ಖಗೇಂದ್ರಮಣಿದರ್ಪಣ’ವು 1942ರಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ ಅಚ್ಚಾಗಿ ವಿದ್ವಾಂಸರ ಕೈ ಸೇರಿತು. ಆದರೆ ಸಾಹಿತ್ಯಚರಿತ್ರೆಗಳಲ್ಲಿ ಈ ಗ್ರಂಥಗಳಿಗೆ ದೊರೆಯುವ ಮರ್ಯಾದೆ ಒಂದೇ ಬಗೆಯದು. ಕವಿಯ ಕಾಲ, ಮತ, ಆಶ್ರಯದಾತ ಇವನ್ನು ಹೇಳಿ, ಶೈಲಿ ಲಲಿತವಾಗಿದೆಯೆಂದೋ ಶುಷ್ಕವಾಗಿದೆಯೆಂದೋ ಒಂದು ಮಾತನ್ನು ಸೇರಿಸಿ, ವಿಮರ್ಶಕನು ಮುಂದಕ್ಕೆ ಹೋಗುತ್ತಾನೆ. ಕಾವ್ಯವನ್ನು ಅಳೆಯುವ ಕೊಳಗದಿಂದಲೇ ವೈದ್ಯವನ್ನೂ ಅಳೆದರೆ ದೊರೆಯುವ ಫಲ ಇಷ್ಟೇ.

ಕಾವ್ಯದಲ್ಲಿ ಒಂದು ಪಾಠ ಕೆಟ್ಟರೆ ರಸಕ್ಕೆ ಭಂಗ. ವೈದ್ಯದಲ್ಲಿ ಕೆಟ್ಟರೆ ಪ್ರಾಣಕ್ಕೆ ಭಂಗ. ಪಾಠವೇನೂ ಕೆಡದೆ ಶುದ್ಧವಾಗಿಯೇ ಉಳಿದಿದ್ದರೂ ಅದು ಸೂಚಿಸುವ ಗಿಡ ಯಾವುದೆಂಬುದು ಮರೆತುಹೋಗಿದ್ದರೆ ಆಗುವ ಅನರ್ಥವೂ ಅದೇ. ಕನ್ನಡದ ಶಾಸ್ತ್ರಕವಿಗಳಲ್ಲಿ ಈ ಅಪಾಯಕ್ಕೆ ಒಂದು ವಿಶೇಷ ಕಾರಣವೂ ಇದೆ. ಅವರು ಬರೆದುದು ಪದ್ಯದಲ್ಲಿ. ಕಂದಪದ್ಯದ ಗಣನಿಯಮ ಒಂದು ಕಡೆ, ದ್ವಿತೀಯಾಕ್ಷರಪ್ರಾಸ ಇನ್ನೊಂದು ಕಡೆ. ಒಂದು ಮೂಲಿಕೆಗೆ ಎಂಟು ಪರ್ಯಾಯಪದಗಳಿದ್ದರೆ ಪ್ರಾಸಕ್ಕೆ ಒದಗುವುದನ್ನು ಕವಿ ಎತ್ತಿಕೊಳ್ಳಬೇಕಾಗುವುದು, ರೋಗಿಗೆ ಸಂದೇಹ ಬಾರದಂತಹ ಹೆಸರನ್ನಲ್ಲ. ‘ಅಮೃತಾ’ ಎಂಬ ಪದವನ್ನೇ ನೋಡಬಹುದು. ಅಮರಕೋಶದಲ್ಲಿ ಅದು ಅಮೃತಬಳ್ಳಿಗೂ ಅಳಲೆಗೂ ನೆಲ್ಲಿಗೂ ಹೆಸರಾಗಿದೆ. ಈ ಮೂರರಲ್ಲಿ ಯಾವುದನ್ನು ತಪ್ಪಿ ಬಳಸಿದರೂ ಹೆಚ್ಚಿನ ಹಾನಿಯಿಲ್ಲವೆಂಬುದು ಅದೃಷ್ಟ. ಎಲ್ಲ ಪರ್ಯಾಯಗಳಲ್ಲಿಯೂ ಅಂತಹ ಅದೃಷ್ಟ ಇರುವುದಿಲ್ಲ.

ಅದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಉಡುಪಿಯ ಸುತ್ತಣ ತುಳುನಾಡಿನಲ್ಲಿ ಅದು ವರ್ಷಕ್ಕೊಮ್ಮೆ ತಾನಾಗಿ ಒದಗುತ್ತದೆ. ಆಟಿ ತಿಂಗಳ ಅಮಾವಾಸ್ಯೆಯಂದು ಬೆಳಗಾಗುವುದಕ್ಕೆ ಮುಂಚೆ ‘ಪಾಲೆ’ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ತರುತ್ತಾರೆ, ಕಬ್ಬಿಣ ತಾಗಿಸುವುದಿಲ್ಲ. ಅದರ ರಸಕ್ಕೆ ಮೆಣಸು, ಬೆಳ್ಳುಳ್ಳಿ, ಓಮಗಳನ್ನು ಅರೆದು ಸೇರಿಸಿ, ಕಾಯಿಸಿದ ಬಿಳಿಗಲ್ಲನ್ನು ಹಾಕಿ, ಬರಿ ಹೊಟ್ಟೆಯಲ್ಲಿ ಕುಡಿದು, ಮೇಲೆ ಮೆಂತೆಯ ಗಂಜಿಯನ್ನು ಉಣ್ಣುತ್ತಾರೆ. ಮಳೆಗಾಲದ ಜ್ವರಾದಿಗಳು ಹತ್ತಿರ ಸುಳಿಯಬಾರದೆಂಬುದು ಉದ್ದೇಶ. ಇದೇ ಆಟಿಯಲ್ಲಿ ಕಾಪುವಿನ ಮಾರಿಗುಡಿಗಳಲ್ಲಿ ಆಟಿ ಮಾರಿಪೂಜೆ ನಡೆಯುತ್ತದೆ. ನಲಿಕೆಯವರ ಆಟಿ ಕಳೆಂಜನು ಓಲೆಕೊಡೆ ಹಿಡಿದು ಮನೆಮನೆಗೆ ಬಂದು ಮಾರಿಯನ್ನು ಅಟ್ಟುತ್ತಾನೆ. ಕಳೆಂಜನ ಹಾಡನ್ನು ಜಾನಪದವೆಂದು ವಿದ್ವಾಂಸರು ಬರೆದುಕೊಂಡರು. ಆ ಬೆಳಗ್ಗೆ ಕುಡಿಯುವ ತೊಗಟೆಯನ್ನು ಯಾವ ಗ್ರಂಥದ ಪಕ್ಕದಲ್ಲಿಟ್ಟು ಓದಬೇಕೆಂಬ ಪ್ರಶ್ನೆ ಮಾತ್ರ ಅಷ್ಟಾಗಿ ಏಳಲಿಲ್ಲ.

ತುಳುವಿನ ಪಾಲೆಯೇ ಕನ್ನಡದ ಹಾಲೆ, ಸಂಸ್ಕೃತದ ಸಪ್ತಪರ್ಣ. ಆಯುರ್ವೇದದಲ್ಲಿ ಇದರ ತೊಗಟೆ ವಿಷಮಜ್ವರಕ್ಕೆ ಹೇಳಿದ ದ್ರವ್ಯ. ಮಲೇರಿಯಕ್ಕೆಂದು ಕೇಂದ್ರ ಸರಕಾರದ ಆಯುರ್ವೇದ ಸಂಶೋಧನಾ ಪರಿಷತ್ತು ಸಿದ್ಧಪಡಿಸಿದ ‘ಆಯುಷ್-64’ ಎಂಬ ಗುಳಿಗೆಯ ನಾಲ್ಕು ಮೂಲಿಕೆಗಳಲ್ಲಿಯೂ ಇದು ಒಂದು. ಇಷ್ಟರಿಂದ ಗುಣ ಸಿದ್ಧವಾಯಿತೆಂದು ಯಾರೂ ಹೇಳಬೇಕಾಗಿಲ್ಲ. ಇಲ್ಲಿ ವಿಚಾರಿಸಬೇಕಾದುದು ಹೆಸರನ್ನು. ಕರಾವಳಿಯ ಕಾಡಿನಲ್ಲಿ ಹಾಲೆಯ ನೆರೆಯಲ್ಲಿಯೇ ಕಾಸರಕವೂ ಬೆಳೆಯುತ್ತದೆ. ಅದು ಸಂಸ್ಕೃತದ ಕಾರಸ್ಕರ, ವಿಷಮುಷ್ಟಿ. ಅದರ ಬೀಜದಲ್ಲಿಯೂ ತೊಗಟೆಯಲ್ಲಿಯೂ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಉಗ್ರವಿಷಗಳಿವೆ. ಮೈಯೆಲ್ಲ ಸೆಟೆದು ಉಸಿರು ಕಟ್ಟಿ ಸಾವು ಬರುತ್ತದೆ. ಮುಂಜಾವದ ಕತ್ತಲಲ್ಲಿ ಹಾಲೆಯೆಂದು ಕಾಸರಕದ ತೊಗಟೆಯನ್ನು ತರಬೇಡಿರೆಂದು ಆಟಿ ಬಂದಾಗಲೆಲ್ಲ ವೈದ್ಯರು ಎಚ್ಚರಿಸುವುದು ಈ ಕಾರಣದಿಂದಲೇ.

ಈಗ ನಿಘಂಟುಗಳು ಈ ಮರವನ್ನು ಗುರುತಿಸಲು ಏನು ಸಹಾಯ ಮಾಡುತ್ತವೆಯೆಂದು ಪರಿಶೀಲಿಸಬಹುದು. ಅಮರಸಿಂಹನು ಸಪ್ತಪರ್ಣಕ್ಕೆ ವಿಶಾಲತ್ವಕ್, ಶಾರದ, ವಿಷಮಚ್ಛದ ಎಂಬ ಪರ್ಯಾಯಗಳನ್ನು ಕೊಟ್ಟಿದ್ದಾನೆ. ಒಂದೊಂದೂ ಲಕ್ಷಣಸೂಚಕವೇ. ಆದರೆ ಸಪ್ತಪರ್ಣವೆಂಬುದು ಪೂರ್ಣ ಸತ್ಯವಲ್ಲ. ಗೆಣ್ಣಿನ ಸುತ್ತ ನಾಲ್ಕೆಲೆಯೂ ಇರುವುದುಂಟು, ಏಳೂ ಇರುವುದುಂಟು. ಈ ದೃಷ್ಟಿಯಿಂದ ವಿಷಮಚ್ಛದವೇ ಹೆಚ್ಚು ಪ್ರಾಮಾಣಿಕವಾದ ಹೆಸರು. ಶಾರದವೆಂದರೆ ಶರದೃತುವಿನಲ್ಲಿ ಹೂಬಿಡುವುದು. ಆಟಿಯಲ್ಲಿ ಮರ ಹುಡುಕುವವನಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಎಲೆಯ ಲಕ್ಷಣವಾದರೋ ಅಮಾವಾಸ್ಯೆಯ ಕತ್ತಲಲ್ಲಿ ಎತ್ತರದ ಕೊಂಬೆಯಲ್ಲಿ ಅಡಗಿರುತ್ತದೆ. ಕೈಗೆ ಎಟಕುವುದು ತೊಗಟೆಯೊಂದೇ. ತೊಗಟೆಯ ಹಾಲನ್ನು ಹೇಳುವುದು ಈ ಸಂಸ್ಕೃತದ ಹೆಸರುಗಳಲ್ಲ, ದೇಶಭಾಷೆಯ ಹೆಸರು. ಹಾಲೆಯೆಂದರೆ ಹಾಲುಳ್ಳ ಮರ. ಕಲ್ಲಿನಿಂದ ಜಜ್ಜಿದೊಡನೆ ಬಿಳಿಯ ಹಾಲು ಒಸರಿ ಬೆರಳಿಗೆ ಅಂಟುತ್ತದೆ. ಕಾಸರಕಕ್ಕೆ ಆ ಹಾಲು ಇಲ್ಲ. ಪ್ರಾಣವನ್ನು ಕಾಯುವ ಪರೀಕ್ಷೆ ಹೆಸರಿನೊಳಗೇ ಹುದುಗಿದೆ; ಕೋಶದಲ್ಲಿ ‘ಹಾಲೆ = ಸಪ್ತಪರ್ಣ’ ಎಂದು ಬರೆದು ಮುಗಿಸಿದವನು ಅದನ್ನು ಕಳೆದುಬಿಟ್ಟನು. ತಮಿಳಿನ ‘ಏಳಿಲೈಪ್ಪಾಲೈ’ ಎಂಬ ಹೆಸರಿನಲ್ಲಿ ಎಲೆಯೂ ಹಾಲೂ ಒಟ್ಟಿಗೆ ಸೇರಿವೆ. ಕನ್ನಡದಲ್ಲಿಯೂ ‘ಏಳೆಲೆ ಹಾಲೆ’ ಎಂದು ಹೇಳುವವರುಂಟು. ಗ್ರಂಥಸಂಪಾದಕರು ಈ ಮಾತನ್ನು ಗ್ರಾಮ್ಯವೆಂದು ಬಿಡಬಾರದು.

ಆದರೂ ಹಾಲೊಂದೇ ಸಾಲದು. ಬೆಪ್ಪಾಲೆಗೂ ಹಾಲಿದೆ, ಕೊಡಸಿಗೆಗೂ ಹಾಲಿದೆ. ಮೂರೂ ಒಂದೇ ಕುಲದ ಮರಗಳು, ಬೆಪ್ಪಾಲೆಯನ್ನು ಬರಿದೆ ‘ಹಾಲೆ’ಯೆನ್ನುವ ಕಡೆಗಳೂ ಇವೆ. ಕೊಡಸಿಗೆಯೇ ಅತಿಸಾರಕ್ಕೆ ಪ್ರಸಿದ್ಧವಾದ ಕುಟಜ. ಮಲಬಾರಿನ ತಲಶ್ಶೇರಿಯ ಹೆಸರಿನಲ್ಲಿ ಅದರ ತೊಗಟೆ ಹಿಂದೆ ಯೂರೋಪಿಗೆ ಹೋಗಿ, ಬೆಪ್ಪಾಲೆಯ ತೊಗಟೆಯೊಡನೆ ಬೆರೆತು, ಗುಣ ತೋರದೆ ಹೆಸರು ಕೆಡಿಸಿಕೊಂಡಿತು. ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ಕುಟಜದ ಪುರುಷ ಸ್ತ್ರೀ ಭೇದಗಳನ್ನು ಲಕ್ಷಣಸಹಿತವಾಗಿ ಹೇಳಿರುವುದನ್ನು ನೋಡಿದರೆ, ಪೂರ್ವಿಕರಿಗೆ ಈ ಸಂಕರದ ಅರಿವು ಇದ್ದಿತೆಂಬುದು ಸ್ಪಷ್ಟ. ಲಿಪಿಕಾರರ ಕೈವಾಡವೂ ಸಾಮಾನ್ಯವಲ್ಲ. ಲಕಾರ ಳಕಾರಗಳನ್ನು ಒಮ್ಮೆ ಪಲ್ಲಟಿಸಿದರೆ ಹಾಲೆಯು ಹಾಳೆಯಾಗಿ, ಮರದ ಹೆಸರು ಹೋಗಿ ಅಡಕೆಯ ಹಾಳೆ ಉಳಿಯುವುದು.

ಕಾರ್ಕಳದ ಪ್ರಸ್ತಾಪ ಇಲ್ಲಿ ಅವಶ್ಯ. ಮೂಡುಬಿದಿರೆ ಕಾರ್ಕಳಗಳ ಜೈನಭಂಡಾರಗಳ ತಾಳೆಯೋಲೆಗಳ ಸೂಚಿಯನ್ನು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದರು. ಅದು 1948ರಲ್ಲಿ ಪ್ರಕಟವಾಯಿತು. ಜೈನವೈದ್ಯಪರಂಪರೆ ಚಿಕಿತ್ಸೆಯಲ್ಲಿ ಮದ್ಯಮಾಂಸಗಳನ್ನು ನಿಷೇಧಿಸಿತು. ಉಗ್ರಾದಿತ್ಯನ ಸಂಸ್ಕೃತ ‘ಕಲ್ಯಾಣಕಾರಕ’ದಲ್ಲಿ ಈ ವಾದ ವಿಸ್ತಾರವಾಗಿದೆ, ಸೋಮನಾಥನಲ್ಲಿಯೂ ಇದೇ ನಿಯಮ. ಮಾಂಸರಸದ ಆಶ್ರಯವಿಲ್ಲದ ವೈದ್ಯನು ಬೇರು, ತೊಗಟೆ, ಎಲೆಗಳನ್ನೇ ಹೆಚ್ಚಾಗಿ ನಂಬಬೇಕಾಗುವುದಷ್ಟೆ. ಆದ್ದರಿಂದ ಈ ಪರಂಪರೆಯ ಗ್ರಂಥಗಳಲ್ಲಿ ಗಿಡದ ಹೆಸರು ತಪ್ಪಿದರೆ ಉಳಿಯುವುದು ಬಹಳ ಕಡಮೆ. ಸೂಚಿ ಪ್ರಕಟವಾಗಿ ಮುಕ್ಕಾಲು ಶತಮಾನ ಕಳೆದಿದೆ. ಓಲೆಗಳಿಂದ ಕಾಡಿಗೆ ಹೋಗುವ ದಾರಿಯನ್ನು ಇನ್ನೂ ಸವೆಸಬೇಕಾಗಿದೆ.

ಇದು ಸಂಪಾದಕನ ಕೆಲಸವಲ್ಲ, ಪಾಠನಿರ್ಣಯ ಮಾಡಿದರೆ ಅವನ ಹೊಣೆ ತೀರಿತು ಎಂದು ಆಕ್ಷೇಪಿಸುವವರಿರಬಹುದು. ಈ ಆಕ್ಷೇಪಕ್ಕೆ ಚೀನಾದೇಶದಿಂದ ಒಂದು ಉತ್ತರ ಬಂದಿದೆ. ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬವನ ಗ್ರಂಥದಲ್ಲಿ ಚಳಿಜ್ವರಕ್ಕೆ ‘ಚಿಂಗ್‌ಹಾವ್’ ಎಂಬ ಸೊಪ್ಪನ್ನು ನೀರಿನಲ್ಲಿ ನೆನೆಯಿಸಿ ಹಿಂಡಿ ಕುಡಿಯಬೇಕೆಂದು ಹೇಳಿದೆ. ತೂ ಯೂಯೂ ಎಂಬ ಸಂಶೋಧಕಿ ಆ ವಾಕ್ಯವನ್ನು ಮತ್ತೆ ಮತ್ತೆ ಓದಿ, ಕುದಿಸಬೇಕೆಂದು ಅಲ್ಲಿ ಹೇಳಿಲ್ಲವೆಂಬುದನ್ನು ಗಮನಿಸಿದಳು. ಕಡಮೆ ಉಷ್ಣದಲ್ಲಿ ಸಾರ ತೆಗೆದಾಗ, 1971ರಲ್ಲಿ, ಮದ್ದು ಫಲಿಸಿತು. 2015ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕ ಬಂದಿತು. ಅಲ್ಲಿಯೂ ಹೆಸರಿನ ತೊಡಕಿತ್ತು: ಇಂದಿನ ಸಸ್ಯಶಾಸ್ತ್ರಜ್ಞರು ಚಿಂಗ್‌ಹಾವ್ ಎಂಬ ಹೆಸರನ್ನು ಕೊಟ್ಟುದು ಬೇರೊಂದು ಗಿಡಕ್ಕೆ, ಗುಣವಿದ್ದುದು ಅದರ ಜ್ಞಾತಿಯಾದ ಇನ್ನೊಂದರಲ್ಲಿ. 1978ರ ಅಲ್ಮಾ ಅಟಾ ಘೋಷಣೆ ದೇಶೀಯ ವೈದ್ಯರಿಗೂ ಜನಾರೋಗ್ಯದಲ್ಲಿ ಸ್ಥಾನವುಂಟೆಂದು ಸಾರಿತು. ಸ್ಥಾನ ಕೊಟ್ಟ ಮಾತ್ರಕ್ಕೆ ಗ್ರಂಥವನ್ನು ಓದುವ ಶ್ರಮ ತಪ್ಪಲಿಲ್ಲ.

ಈ ಶ್ರಮಕ್ಕೆ ಬೇಕಾದ ಸಾಮಗ್ರಿ ಉಡುಪಿಯಲ್ಲಿ ಕೂಡಿಬಂದಿರುವಷ್ಟು ಬೇರೆಡೆ ಕೂಡಿಬರುವುದು ದುರ್ಲಭ. ಮಣಿಪಾಲದಲ್ಲಿ 1953ರಿಂದ ಕಸ್ತೂರ್ಬಾ ವೈದ್ಯಕೀಯ ಮಹಾವಿದ್ಯಾಲಯ, ಕುತ್ಪಾಡಿಯಲ್ಲಿ 1958ರಿಂದ ಆಯುರ್ವೇದ ಮಹಾವಿದ್ಯಾಲಯ. ನಡುವೆ ಇರುವುದು ಕೆಲವೇ ಮೈಲಿ. ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರ ವರೆಗೆ ಆರು ಸಂಪುಟಗಳ ತುಳು ನಿಘಂಟು ಹೊರಬಂದಿದೆ. ಕೆ. ಗೋಪಾಲಕೃಷ್ಣ ಭಟ್ಟರ ‘ಫ್ಲೋರಾ ಆಫ್ ಉಡುಪಿ’ 2003ರಲ್ಲಿ ಅಚ್ಚಾಗಿದೆ. ವೈದ್ಯಗ್ರಂಥವೊಂದನ್ನು ಮುಂದೆ ಸಂಪಾದಿಸುವವರು ಪಾಠಾಂತರಗಳ ಕೆಳಗೆ ಈ ನಾಲ್ಕು ಕಡೆಯ ಸಾಕ್ಷ್ಯವನ್ನೂ ಕೊಡಬೇಕು. ನಿರ್ಣಯವಾಗದಿದ್ದಲ್ಲಿ ಸಂದಿಗ್ಧವೆಂದು ಸಂಕೋಚವಿಲ್ಲದೆ ಬರೆಯಬೇಕು. ಮೂಲಿಕೆಗಳ ಹೆಸರನ್ನೂ ರೂಪವನ್ನೂ ಆಡು ಕಾಯುವವರಿಂದ, ದನ ಕಾಯುವವರಿಂದ, ವನವಾಸಿಗಳಿಂದ ತಿಳಿಯಬಹುದೆಂದೂ, ಹೆಸರು ತಿಳಿದ ಮಾತ್ರಕ್ಕೆ ಪ್ರಯೋಗ ತಿಳಿದಂತಾಗಲಿಲ್ಲವೆಂದೂ ಚರಕನ ಸೂತ್ರಸ್ಥಾನದ ಮೊದಲ ಅಧ್ಯಾಯವೇ ಹೇಳಿದೆ. ಈ ಮಾತಿನ ಉತ್ತರಾರ್ಧವನ್ನು ಪಂಡಿತರು ಚೆನ್ನಾಗಿ ನೆನಪಿನಲ್ಲಿಟ್ಟುಕೊಂಡಿದ್ದಾರೆ.

ತುಳುನಾಡಿನ ಕೆಲವು ಮನೆಗಳಲ್ಲಿ ಹಿರಿಯರು ಅಮಾವಾಸ್ಯೆಯ ಮುನ್ನಾದಿನ ಹಗಲಿನಲ್ಲಿಯೇ ಕಾಡಿಗೆ ಹೋಗಿ, ಎಲೆ ನೋಡಿ, ಮರವನ್ನು ನಿಶ್ಚಯಿಸಿ, ಅದಕ್ಕೆ ದಾರ ಕಟ್ಟಿ ಬರುವ ರೂಢಿಯಿದೆ. ಕತ್ತಲಲ್ಲಿ ಹೋದವನು ಆ ದಾರವನ್ನು ತಡವಿ ನೋಡಿಯೇ ಕಲ್ಲೆತ್ತುತ್ತಾನೆ. ಇದನ್ನು ಮರಕ್ಕೆ ಸಲ್ಲಿಸುವ ಆಹ್ವಾನವೆಂದು ಮಾತ್ರ ವರ್ಣಿಸಿ ಬಿಡುವುದುಂಟು. ಸಪ್ತಪರ್ಣವೆಂಬ ಪದದ ಅಡಿಯಲ್ಲಿ, ಅಮರಕೋಶದ ಪರ್ಯಾಯಗಳ ಜೊತೆಗೆ, ಈ ದಾರದ ಸಂಗತಿಯನ್ನೂ ಟಿಪ್ಪಣಿಯಾಗಿ ಅಚ್ಚು ಹಾಕಿಸತಕ್ಕದ್ದು.